ಹೊಲದ ಕಿಟ್ಟ ಹೇಳುವ ಕಥೆ



ಇಲ್ಲಿನ ಅರಬರಲ್ಲಿ ‘ಮುಹನ್ನದ್’ ಎಂಬ ಹೆಸರನ್ನು ನೀವು ಕೇಳಿರಬಹುದು. ಭಾರತದ ಉಕ್ಕಿನಿಂದ ಮಾಡಿದ ಖಡ್ಗ ಎಂದು ಅದರ ಅರ್ಥ. ಅರಬ್ಬಿ ಸಮುದ್ರ ದಾಟಿ ಬರುತ್ತಿದ್ದ ಇಂಥ ಉಕ್ಕನ್ನು ನಮ್ಮ ಕರ್ನಾಟಕದ ಹಳ್ಳಿಗಳಲ್ಲಿಯೂ ತಯಾರಿಸುತ್ತಿದ್ದರು. ಅದರ ಕುರುಹುಗಳು ಇಂದಿಗೂ ಹೊಲಗಳಲ್ಲಿ ಬಿದ್ದಿವೆ.

ಉಳುವಾಗ ಕೆಲವೆಡೆ ಕಪ್ಪಾದ, ತೂಕವಾದ, ತೂತು ತೂತಾದ ಕಲ್ಲುಗಳು ಸಿಗುತ್ತವೆ. ಇವೇ ಕಬ್ಬಿಣದ ಕಿಟ್ಟ. ಇವು ಹೇಗೆ ಉಂಟಾದವು?

ಮಣ್ಣಿನ ಕುಲುಮೆಯಲ್ಲಿ ಅದಿರು ಮತ್ತು ಇದ್ದಿಲನ್ನು ತುಂಬಿ, ತಿದಿಯಿಂದ ಗಾಳಿ ಊದುತ್ತಿದ್ದರು. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳ್ಳಿಯ ಕುಲುಮೆಗೆ ಅಷ್ಟು ಶಾಖ ಬರುತ್ತಿರಲಿಲ್ಲ. ಆದ್ದರಿಂದ ಕಬ್ಬಿಣ ಮೆತ್ತನೆಯ ಮುದ್ದೆಯಾಗಿ ಉಳಿಯುತ್ತಿತ್ತು. ಅದಿರಿನ ಕಲ್ಲಿನಂಶ ಕರಗಿ ಬೇರ್ಪಟ್ಟು ಕಿಟ್ಟವಾಗುತ್ತಿತ್ತು. ಮುದ್ದೆಯನ್ನು ಬಡಿದು ಶುದ್ಧಗೊಳಿಸುತ್ತಿದ್ದರು.

ಉಕ್ಕಿಗೆ ಇನ್ನೊಂದು ಹಂತವಿತ್ತು. ಕಬ್ಬಿಣದ ತುಂಡನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ ಬಹಳ ಹೊತ್ತು ಕಾಯಿಸುತ್ತಿದ್ದರು. ಕಬ್ಬಿಣ ಇಂಗಾಲವನ್ನು ಹೀರಿಕೊಂಡಾಗ ಅದರ ಕರಗುವ ಶಾಖ ಇಳಿಯುತ್ತದೆ; ಹೀಗೆ ಕರಗಿದ ಲೋಹವೇ ಉಕ್ಕು. ಮೂಸೆಯ ಮಣ್ಣಿಗೆ ಭತ್ತದ ಹೊಟ್ಟನ್ನು ಬೆರೆಸುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ದೊರೆತಿವೆ. ಇಂಗ್ಲಿಷಿನ ‘ವೂಟ್ಸ್’ ಪದ ನಮ್ಮ ‘ಉಕ್ಕು’ ಪದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ 1819ರಲ್ಲಿ ಇದನ್ನು ಪರೀಕ್ಷಿಸಿದ್ದರು.

ನಮ್ಮಲ್ಲಿ ಕಬ್ಬಿಣದ ಬಳಕೆ ಬಹಳ ಹಳೆಯದು. ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ಮಾಡಿದ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸುಮಾರು 3000 ವರ್ಷಗಳಷ್ಟು ಹಳೆಯ ಕಬ್ಬಿಣದ ವಸ್ತುಗಳು ಸಿಕ್ಕಿವೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಆಗಿನ್ನೂ ಉರಿಯುತ್ತಿದ್ದ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮುಂದೆ ವಿದೇಶಿ ಕಾರ್ಖಾನೆಗಳ ಅಗ್ಗದ ಕಬ್ಬಿಣ ಬಂದು, ಇದ್ದಿಲಿಗೆ ಕಾಡು ಸಿಗದಂತಾಗಿ, ಈ ಕುಲುಮೆಗಳು ಆರಿಹೋದವು.

ಈ ಕೆಲಸಗಾರರು ಶಾಸನ ಬರೆಸಿದ ಅರಸರಲ್ಲ. ಕಿಟ್ಟದ ಗುಡ್ಡೆಯೇ ಅವರ ಶಾಸನ. ಕಿಟ್ಟದೊಳಗೆ ಸಿಕ್ಕಿಕೊಂಡ ಇದ್ದಿಲಿನ ಚೂರಿನಿಂದ ಕಾಲವನ್ನು ತಿಳಿಯಬಹುದು. ಆದರೆ ಹೊಲವನ್ನು ಯಂತ್ರದಿಂದ ಸಮತಟ್ಟು ಮಾಡಿ, ಕಿಟ್ಟವನ್ನು ರಸ್ತೆಯ ಗುಂಡಿಗೆ ಸುರಿದರೆ ಕುಲುಮೆ ಎಲ್ಲಿತ್ತು ಎಂಬುದೇ ಅಳಿಸಿಹೋಗುತ್ತದೆ.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜ-ಅಜ್ಜಿಯರನ್ನು ಕೇಳಿರಿ: “ನಮ್ಮ ಹೊಲದಲ್ಲಿ ಕಿಟ್ಟ ಸಿಗುತ್ತದೆಯೇ?” ಕಂಡರೆ ಎತ್ತಿ ತರಬೇಡಿ. ಇದ್ದಲ್ಲೇ ಬಿಟ್ಟು, ಚಿತ್ರ ತೆಗೆದು, ಜಾಗವನ್ನು ಬರೆದಿಟ್ಟು, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿರಿ.