ರೂಬಾರ್ಬ್ ಚಟ್ನಿ: ಅದರ ಪಾಕ ಮತ್ತು ಹಿನ್ನೆಲೆ

ಚಟ್ನಿ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಒರಳುಕಲ್ಲು. ಕಾಯಿ, ಮೆಣಸಿನಕಾಯಿ, ಹುಣಿಸೆಹಣ್ಣು, ಉಪ್ಪು ಇವಿಷ್ಟನ್ನು ಅರೆದು ಅದೇ ಹೊತ್ತಿನ ಊಟಕ್ಕೆ ಮುಗಿಸುವ ಪದಾರ್ಥ ಅದು. ಆದರೆ ಇಂಗ್ಲೆಂಡಿನ ಗೃಹಿಣಿ ಇದೇ ಹೆಸರಿನಿಂದ ಕರೆಯುವ ವಸ್ತುವಿಗೆ ಒರಳೇ ಬೇಕಿಲ್ಲ. ಅದನ್ನು ಗಂಟೆಗಟ್ಟಲೆ ಕುದಿಸಬೇಕು, ಸೀಸೆಗೆ ತುಂಬಬೇಕು, ವಾರಗಟ್ಟಲೆ ಕಾಯಬೇಕು. ಹೆಸರು ಒಂದೇ ಆಗಿದ್ದು ವಸ್ತು ಇಷ್ಟು ಬೇರೆಯಾದದ್ದು ಹೇಗೆ? ಅಲ್ಲಿಯ ಮನೆಗಳಲ್ಲಿ ಮಾಡುವ ರೂಬಾರ್ಬ್ ಚಟ್ನಿಯೊಂದನ್ನೇ ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಬಿ.ಎ. ವಿದ್ಯಾರ್ಥಿಗೆ ಅಡುಗೆಮನೆಯ ಉಸಾಬರಿ ಏಕೆಂದು ಮಿತ್ರರು ನಗಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅದಕ್ಕೆ ಮುಂಚೆ ಇದ್ದ ವಿದ್ಯೆಯೆಲ್ಲ ಹೊಲದಲ್ಲಿ ಮತ್ತು ಒಲೆಯ ಮುಂದೆ ಇದ್ದದ್ದು. ಅದನ್ನು ವಿದ್ಯೆಯಲ್ಲವೆನ್ನಲು ನನಗೆ ಮನಸ್ಸಿಲ್ಲ.

ರೂಬಾರ್ಬ್ ಶೀತದೇಶದ ಗಿಡ. ನೆಲದಿಂದ ನೇರವಾಗಿ ಏಳುವ ಕೆಂಪು ದಂಟು, ಅದರ ತುದಿಗೆ ಕೆಸುವಿನೆಲೆಯಂತೆ ಅಗಲವಾದ ಎಲೆ. ನಮ್ಮ ಚುಕ್ಕಾ ಸೊಪ್ಪು ಇದೇ ಕುಟುಂಬಕ್ಕೆ ಸೇರಿದ್ದು. ಹುಳಿಯಲ್ಲಿ ಆ ನಂಟು ಕಾಣುತ್ತದೆ. ಇದರ ಕೆಲವು ಜಾತಿಗಳ ಬೇರು ಚೀನಾದೇಶದಲ್ಲಿ ಪ್ರಾಚೀನಕಾಲದಿಂದಲೂ ವಿರೇಚಕ ಔಷಧ. ಹಿಂದಿಯವರು ರೇವಂದಚೀನಿ ಎನ್ನುವುದು ಆ ಬೇರನ್ನೇ. ಯೂರೋಪಿಗೂ ಅದು ಮೊದಲು ಹೋದದ್ದು ಔಷಧವಾಗಿ. ದಂಟನ್ನು ತಿನ್ನುವ ರೂಢಿ ಬಲವಾದದ್ದು ಬಹಳ ತಡವಾಗಿ, ಸಕ್ಕರೆ ಸಾಮಾನ್ಯರ ಕೈಗೆಟುಕಿದ ಮೇಲೆ. ಅಷ್ಟು ಹುಳಿಯಾದ ದಂಟನ್ನು ಸಿಹಿಯಿಲ್ಲದೆ ತಿನ್ನುವವರು ಯಾರು? ಬ್ರಿಟನ್ನಿನಲ್ಲಿ ಸಕ್ಕರೆಯ ಮೇಲಿನ ಸುಂಕ ರದ್ದಾದದ್ದು 1874ರಲ್ಲಿ. ಅದಕ್ಕೂ ಹಿಂದೆ, 1833ರ ಶಾಸನದಿಂದ ಗುಲಾಮಗಿರಿ ನಿಷೇಧವಾಗುವ ತನಕ, ಆ ದೇಶದ ಸಕ್ಕರೆ ಬಹುಪಾಲು ವೆಸ್ಟ್ ಇಂಡೀಸ್ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬಂದದ್ದು. ಅರ್ಥಶಾಸ್ತ್ರದ ಪಾಠಕ್ಕೆ ಸೀಸೆಯೊಳಗಿನ ಚಟ್ನಿಯೂ ಒದಗುತ್ತದೆ!

ಯಾರ್ಕ್‌ಷೈರಿನ ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಊರುಗಳ ನಡುವಣ ಪ್ರದೇಶ ಈ ಬೆಳೆಗೆ ಪ್ರಸಿದ್ಧ. ಅಲ್ಲಿ ಚಳಿಗಾಲದಲ್ಲಿ ಗಿಡಗಳನ್ನು ಕತ್ತಲೆಯ ಬೆಚ್ಚನೆಯ ಕೊಟ್ಟಿಗೆಗಳಲ್ಲಿ ಬೆಳೆಸಿ, ಮೇಣದಬತ್ತಿಯ ಬೆಳಕಿನಲ್ಲಿ ದಂಟು ಕೀಳುತ್ತಾರೆ. ಬೆಳಕು ಕಾಣದ ದಂಟು ಎಳೆಯದಾಗಿಯೂ ಸಿಹಿಯಾಗಿಯೂ ಇರುತ್ತದೆ. 2010ರಲ್ಲಿ ಯೂರೋಪಿಯನ್ ಒಕ್ಕೂಟವು ಈ ಬೆಳೆಯ ಹೆಸರಿಗೆ ರಕ್ಷಣೆ ನೀಡಿತು. ಇನ್ನು ಇದು ತರಕಾರಿಯೋ ಹಣ್ಣೋ ಎಂಬ ವ್ಯಾಜ್ಯ ಅಮೆರಿಕದಲ್ಲಿ ಸುಂಕದ ನ್ಯಾಯಾಲಯದವರೆಗೆ ಹೋಗಿ, 1947ರಲ್ಲಿ ಹಣ್ಣೆಂದು ತೀರ್ಪಾಯಿತು. ಸಸ್ಯಶಾಸ್ತ್ರದ ಅಧ್ಯಾಪಕರು ಒಪ್ಪಲಾರರು. ಅದಿರಲಿ.

ಚಟ್ನಿ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ಹಿಂದಿಯಿಂದ. ನೆಕ್ಕುವುದು ಎಂಬರ್ಥದ ಧಾತು ಅದರ ಮೂಲ. ಕಂಪನಿಯ ಕಾಲದಲ್ಲಿ ಇಲ್ಲಿದ್ದು ಹಿಂತಿರುಗಿದ ಆಂಗ್ಲರು ರುಚಿಯನ್ನು ಒಯ್ದರು, ಮಾವಿನಮರವನ್ನು ಒಯ್ಯಲಾಗಲಿಲ್ಲ. ಆದ್ದರಿಂದ ಸೇಬು, ಟೊಮೇಟೋಕಾಯಿ, ರೂಬಾರ್ಬ್ ಇವು ಮಾವಿನ ಸ್ಥಾನಕ್ಕೆ ಬಂದವು. ವಸಂತದಲ್ಲಿ ಹಿತ್ತಲಿನ ರೂಬಾರ್ಬ್ ತಿಂದು ತೀರದಷ್ಟು ಬೆಳೆಯುತ್ತದೆ. ಚಳಿಗಾಲದಲ್ಲಿ ಏನೂ ಇರುವುದಿಲ್ಲ. ಕೆಡದಂತೆ ಇಡುವುದೇ ಅಲ್ಲಿಯ ಮುಖ್ಯ ಸಮಸ್ಯೆ. ನಮ್ಮಲ್ಲಿ ಈ ಕೆಲಸವನ್ನು ಬಿಸಿಲು, ಉಪ್ಪು, ಎಣ್ಣೆಗಳು ಮಾಡುತ್ತವೆ. ನಂಬಿಕೆಯ ಬಿಸಿಲಿಲ್ಲದ ನಾಡಿನಲ್ಲಿ ಬೆಂಕಿ, ಸಕ್ಕರೆ, ವಿನಿಗರ್‌ಗಳು ಅದನ್ನು ಮಾಡಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಇಂಗ್ಲಿಷರ ಚಟ್ನಿಯು ಹೆಸರಿನಲ್ಲಿ ಚಟ್ನಿಯಾದರೂ ಗುಣದಲ್ಲಿ ನಮ್ಮ ಉಪ್ಪಿನಕಾಯಿಗೆ, ಉತ್ತರ ಕರ್ನಾಟಕದ ರಂಜಕಕ್ಕೆ, ದಾಯಾದಿ.

ಇನ್ನು ಪಾಕದ ಕ್ರಮ. ಹೆಚ್ಚಿದ ದಂಟು 1 ಕಿಲೋ, ಈರುಳ್ಳಿ ಅರ್ಧ ಕಿಲೋ, ಕಂದು ಸಕ್ಕರೆ ಅರ್ಧ ಕಿಲೋ, ಶೇಕಡ 5ರಷ್ಟು ಆಮ್ಲವಿರುವ ವಿನಿಗರ್ ಅರ್ಧ ಲೀಟರ್, ಒಣದ್ರಾಕ್ಷಿ 200 ಗ್ರಾಂ, ಜಜ್ಜಿದ ಹಸಿಶುಂಠಿ 25 ಗ್ರಾಂ, ಎರಡೆರಡು ಚಮಚ ಸಾಸಿವೆ ಮತ್ತು ಉಪ್ಪು, ರುಚಿಗೆ ತಕ್ಕಷ್ಟು ಒಣಮೆಣಸಿನಕಾಯಿ. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗಳನ್ನು ಆಮ್ಲ ಕರಗಿಸುತ್ತದೆ. ನಮ್ಮ ಹಿರಿಯರು ಹಿತ್ತಾಳೆಗೆ ಕಲಾಯಿ ಹಾಕಿಸುತ್ತಿದ್ದುದೂ ಇದಕ್ಕೇ. ಮೊದಲು ಈರುಳ್ಳಿಯನ್ನು ಸ್ವಲ್ಪ ವಿನಿಗರಿನಲ್ಲಿ ಮೆತ್ತಗಾಗಿಸಿ, ಉಳಿದುದನ್ನೆಲ್ಲ ಸೇರಿಸಿ, ಸಕ್ಕರೆ ಕರಗಿದ ಮೇಲೆ ಸಣ್ಣ ಉರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಮುಚ್ಚಳವಿಲ್ಲದೆ ಕುದಿಸಬೇಕು. ತಳ ಹಿಡಿಯದಂತೆ ಆಗಾಗ ಕೈಯಾಡಿಸಬೇಕು. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ರಸ ಒಡನೆಯೇ ಬಂದು ತುಂಬದೆ ಗೆರೆ ಕ್ಷಣಕಾಲ ನಿಲ್ಲಬೇಕು, ಅದೇ ಹದ. ಕುದಿನೀರಿನಲ್ಲಿ ಹತ್ತು ನಿಮಿಷ ಅದ್ದಿಟ್ಟು ಒಣಗಿಸಿದ ಗಾಜಿನ ಸೀಸೆಗಳಿಗೆ ಬಿಸಿಯಾಗಿರುವಾಗಲೇ ತುಂಬಿ ಬಿಗಿಯಾಗಿ ಮುಚ್ಚಬೇಕು. ಲೋಹದ ಮುಚ್ಚಳವಾದರೆ ಒಳಗೆ ಲೇಪವಿರಲಿ.

ಕೆಡದಿರುವುದರ ಗುಟ್ಟು ಸರಳ. ಆಮ್ಲತೆಯ ಅಳತೆ ಪಿ.ಎಚ್. 4.6ಕ್ಕಿಂತ ಕೆಳಗಿರುವಲ್ಲಿ ಬಾಟುಲಿಸಮ್ ಎಂಬ ಮಾರಕ ವಿಷಬಾಧೆಯನ್ನುಂಟುಮಾಡುವ ಕ್ರಿಮಿ ಬೆಳೆಯಲಾರದು. ಸಕ್ಕರೆಯು ನೀರನ್ನು ಹಿಡಿದಿಟ್ಟುಕೊಂಡು ಇತರ ಕ್ರಿಮಿಗಳಿಗೆ ಸಿಗಗೊಡದು. ಆದ್ದರಿಂದ ರುಚಿಯ ನೆಪದಿಂದ ವಿನಿಗರನ್ನೋ ಸಕ್ಕರೆಯನ್ನೋ ತೀರ ಕಡಿಮೆ ಮಾಡಬಾರದು. ನಮ್ಮವ್ವ ಭರಣಿಗೆ ಒದ್ದೆ ಸೌಟು ತಾಕಗೊಡುವುದಿಲ್ಲ. ಬೂಷ್ಟು ಹಿಡಿಯುತ್ತದೆ ಎನ್ನುತ್ತಾಳೆ. ಪುಸ್ತಕದ ಭಾಷೆ ಬೇರೆ, ಹೇಳುವ ಮಾತು ಅದೇ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ದಂಟು ಆಹಾರ, ಎಲೆ ವಿಷ. ದಂಟಿನ ಹುಳಿ ಹೆಚ್ಚಾಗಿ ಮ್ಯಾಲಿಕ್ ಆಮ್ಲದ್ದು. ಎಲೆಯಲ್ಲಾದರೋ ಆಕ್ಸಾಲಿಕ್ ಆಮ್ಲ ಅಪಾಯಕರವಾದಷ್ಟಿದೆ, ಬೇಯಿಸಿದರೂ ಅದು ನಾಶವಾಗದು. 1914-18ರ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಆಹಾರದ ಅಭಾವವಾದಾಗ, ಈ ಎಲೆಯನ್ನು ಸೊಪ್ಪಿನಂತೆ ತಿನ್ನಬಹುದೆಂಬ ಸಲಹೆ ಪ್ರಚಾರವಾಯಿತು. ತಿಂದವರು ಅಸ್ವಸ್ಥರಾದರು, ಸಾವೂ ಸಂಭವಿಸಿತು. ಸಲಹೆ ಅಚ್ಚಾಗಿ ಬಂದ ಮಾತ್ರಕ್ಕೆ ಎಲೆ ತನ್ನ ಗುಣವನ್ನು ಬಿಡಲಿಲ್ಲ. ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ದಂಟನ್ನೂ ಮಿತವಾಗಿ ತಿನ್ನುವುದು ಲೇಸು.

ತುಂಬಿದ ಸೀಸೆಯನ್ನು ತಂಪಾದ ಕತ್ತಲೆಯ ಸ್ಥಳದಲ್ಲಿ ಆರು ವಾರಗಳಾದರೂ ಇಡಬೇಕು. ಹೊಸದರಲ್ಲಿ ವಿನಿಗರಿನ ಘಾಟು ಮೂಗಿಗೆ ಹೊಡೆಯುತ್ತದೆ. ದಿನ ಕಳೆದಂತೆ ಹುಳಿ, ಸಿಹಿ, ಖಾರ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇಂಗ್ಲಿಷರು ಇದನ್ನು ಚೀಸಿನ ಜೊತೆಗೆ, ತಣ್ಣನೆಯ ಮಾಂಸದ ಜೊತೆಗೆ ತಿನ್ನುತ್ತಾರೆ. ಆ ದೇಶಗಳಲ್ಲಿ ನೆಲಸಿದ ನಮ್ಮವರು ರೂಬಾರ್ಬನ್ನು ಹುಣಿಸೆಗೆ ಬದಲಾಗಿ ಬೇಳೆಗೂ ಗೊಜ್ಜಿಗೂ ಹಾಕುವುದುಂಟು. ದಂಟನ್ನು ಎಣ್ಣೆಯಲ್ಲಿ ಬಾಡಿಸಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಚೂರು ಬೆಲ್ಲ ಸೇರಿಸಿ ಪುಂಡಿ ಸೊಪ್ಪಿನ ಚಟ್ನಿಯಂತೆ ರುಬ್ಬಿಕೊಂಡರೆ ಅದೇ ಹೊತ್ತು ರೊಟ್ಟಿಗೆ ಹಚ್ಚಿಕೊಳ್ಳಬಹುದು. ಅದಕ್ಕೆ ವಿನಿಗರ್ ಬೇಡ, ಸೀಸೆಯೂ ಬೇಡ.