ಹತ್ತಿ ಬೀಜದ ಪರೀಕ್ಷೆ ಮತ್ತು ಮೈಕ್ರೋವೇವ್ ಕಾವು

ಬೈಲಹೊಂಗಲ, ಸವದತ್ತಿ ಭಾಗದ ಎರೆಹೊಲಗಳಲ್ಲಿ ಹತ್ತಿ ಬಿತ್ತುವ ರೈತ ಬಾಂಧವರಿಗೆ ಬೀಜ ಬೆರಕೆಯೆಂದು ತಿಳಿಯುವುದು ಗಿಡ ಹೂ-ಕಾಯಿಗೆ ಬಂದಾಗ. ಅಷ್ಟರಲ್ಲಿ ಗೊಬ್ಬರ, ಔಷಧಿಗಳ ಖರ್ಚು ಆಗಿಹೋಗಿರುತ್ತದೆ. ಡಿಎನ್‌ಎ ಪರೀಕ್ಷೆಯಿಂದ ಇದನ್ನು ಎಳೆಯ ಸಸಿಯ ಎಲೆಯಲ್ಲಿಯೇ ಅರಿಯಬಹುದು. ಧಾರವಾಡದಲ್ಲಿ ರೂಪುಗೊಂಡ ಡಿ.ಸಿ.ಎಚ್.-32ರಂತಹ ಸಂಕರಣ ಹತ್ತಿಯಲ್ಲಿ ತಂದೆ-ತಾಯಿ ತಳಿಗಳೆರಡರ ಗುರುತೂ ಕಾಣಬೇಕು. ತಾಯಿಯದಷ್ಟೇ ಕಂಡರೆ ಅದು ಸಂಕರಣವಾಗದ ಬೀಜ.

ಎಲೆಯಿಂದ ಸಿಗುವ ಡಿಎನ್‌ಎ ಅತ್ಯಲ್ಪ. ಆದುದರಿಂದ ಬೇಕಾದ ತುಣುಕನ್ನು ಕಿಣ್ವದ ನೆರವಿನಿಂದ ವೃದ್ಧಿಸಬೇಕಾಗುತ್ತದೆ. ದ್ರಾವಣವನ್ನು ಸುಮಾರು 95 ಡಿಗ್ರಿ ಸೆಂ.ಗೆ ಕಾಯಿಸಿದಾಗ ಜೋಡಿ ಎಳೆಗಳು ಬೇರ್ಪಡುತ್ತವೆ; 55ರ ಆಸುಪಾಸಿಗೆ ಆರಿಸಿ, ಮತ್ತೆ 72ಕ್ಕೆ ಏರಿಸಿದಾಗ ಕಿಣ್ವವು ಹೊಸ ಎಳೆ ಕಟ್ಟುತ್ತದೆ. ಸುತ್ತಿಗೊಮ್ಮೆ ದುಪ್ಪಟ್ಟು, 30 ಸುತ್ತಿಗೆ, ಲೆಕ್ಕದಂತೆ, ಒಂದು ತುಣುಕು ನೂರು ಕೋಟಿ ಮೀರುತ್ತದೆ.

ಸಾಮಾನ್ಯ ಯಂತ್ರದಲ್ಲಿ ಮೊದಲು ಲೋಹ, ನಂತರ ನಳಿಕೆ, ಕೊನೆಗೆ ದ್ರಾವಣ ಕಾಯುತ್ತದೆ. ಮೈಕ್ರೋವೇವ್ ಅಲೆಗಳು ನೇರವಾಗಿ ದ್ರಾವಣವನ್ನೇ ಕಾಯಿಸುತ್ತವೆ. 2003ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು. ಆದರೆ ಆರಿಸುವ ಕೆಲಸಕ್ಕೆ ಈ ಅಲೆಗಳು ನೆರವಾಗವು. ಎಲೆ ಅರೆದು ಡಿಎನ್‌ಎ ತೆಗೆಯುವ ಹೊತ್ತೂ ಉಳಿಯದು. ಅಡುಗೆಮನೆಯ ಮೈಕ್ರೋವೇವ್ ಒಲೆಯಂತೂ ಸಲ್ಲದು, ಅದರಲ್ಲಿ ಉಷ್ಣತೆಯ ಹತೋಟಿಯಿಲ್ಲ. ಹಂಗಾಮನ್ನು ಉಳಿಸುವುದು ಪರೀಕ್ಷೆಯೇ; ಮೈಕ್ರೋವೇವ್ ಉಳಿಸುವುದು ಕೆಲವು ನಿಮಿಷ.

ಬಿತ್ತಿದ ಮೇಲೂ ಬೀಜದ ಚೀಲ, ಚೀಟಿ, ರಸೀದಿಗಳನ್ನು ಹಾಗೂ ಒಂದಿಷ್ಟು ಬೀಜವನ್ನು ತೆಗೆದಿಟ್ಟುಕೊಳ್ಳಿರಿ. ಸಂಶಯ ಬಂದಾಗ ಪರೀಕ್ಷೆಗೆ ಇವೇ ಬೇಕಾಗುತ್ತವೆ.