ಎರಡು ಹಳೆ ಕಂಪ್ಯೂಟರ್ ಮಾತಾಡದಿದ್ದರೆ ಏನು ಮಾಡಬೇಕು?

ದಸರಾ ರಜೆಯಲ್ಲಿ ನಾನು ಮನೆಯಲ್ಲೇ ಕಲಿತ ಒಂದು ಪಾಠವನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆದಿದ್ದೇನೆ. ಎರಡು ಹಳೆ ಕಂಪ್ಯೂಟರ್‌ಗಳನ್ನು ಒಂದೇ ತಂತಿಯಿಂದ ಜೋಡಿಸುವುದು ಹೇಗೆ, ಜೋಡಿಸಿದರೂ ಕೆಲಸ ಮಾಡದಿದ್ದರೆ ತಪ್ಪು ಹುಡುಕುವುದು ಹೇಗೆ ಎಂಬುದೇ ಆ ಪಾಠ.

ಮೊದಲು ಇದರ ಅಗತ್ಯ ಯಾಕೆ ಬಂತು ಅಂತ ಹೇಳುತ್ತೇನೆ. ನಮ್ಮ ಅಜ್ಜ ದಿನಾ ಬೆಳಿಗ್ಗೆ ಅಂಗಳದ ಮಳೆ ಮಾಪಕ ನೋಡಿ, ಎಷ್ಟು ಇಂಚು ಎಷ್ಟು ಸೆಂಟು ಮಳೆ ಬಂತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಇದು ಹೊಸತಲ್ಲ. ನೂರು ಸೆಂಟು ಸೇರಿದರೆ ಒಂದು ಇಂಚು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹೂಮಳೆ ಯಾವ ವರ್ಷ ಯಾವ ದಿನ ಬಂತು ಅಂತ ಕೇಳಿದರೆ ಅಜ್ಜ ಪುಸ್ತಕ ತೆಗೆದು ಹೇಳುತ್ತಿದ್ದರು.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಮನೆ ಹಿಂದಿನ ಬರೆಯೂ ಜಾರಿತು. ಹಿಂದಿನ ಕೋಣೆಗೆ ಕೆಸರು ನೀರು ನುಗ್ಗಿ ಪುಸ್ತಕಗಳೆಲ್ಲ ನೆನೆದು ಶಾಯಿ ಕರಗಿಹೋಯಿತು. ಅದೃಷ್ಟಕ್ಕೆ 1984ರಿಂದ 2012ರವರೆಗಿನ ಲೆಕ್ಕವನ್ನು ಚಿಕ್ಕಪ್ಪ ಮೊದಲೇ ಕಂಪ್ಯೂಟರಿಗೆ ಟೈಪ್ ಮಾಡಿದ್ದರು. ವರ್ಷಕ್ಕೊಂದರಂತೆ ಒಟ್ಟು 29 ಫೈಲು. ಅದು ಬೇರೆಲ್ಲೂ ಇಲ್ಲ.

ಈಗ ಆ ಕಂಪ್ಯೂಟರಿಗೂ ವಯಸ್ಸಾಗಿದೆ. ಮೂರು ಸಲ ಬಟನ್ ಒತ್ತಿದರೆ ಒಂದು ಸಲ ಶುರುವಾಗುತ್ತದೆ. ಒಳಗೆ ಕಿರ್ ಕಿರ್ ಶಬ್ದ ಬೇರೆ. "ಇದು ಒಂದಿನ ನಿಂತೇ ಹೋಗ್ತದೆ ಮಗಾ, ಅಷ್ಟರೊಳಗೆ ಲೆಕ್ಕ ಹೊರಗೆ ತೆಗಿ" ಅಂದರು ಅಜ್ಜ.

ಪೆನ್‌ಡ್ರೈವ್ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಮಳೆಗಾಲದ ತೇವಕ್ಕೆ ಯು.ಎಸ್.ಬಿ. ಕಿಂಡಿಗಳು ತುಕ್ಕು ಹಿಡಿದಿವೆ. ಸಿ.ಡಿ. ಹಾಕುವ ತಟ್ಟೆ ಹೊರಗೆ ಬರುವುದೇ ಇಲ್ಲ. ಉಳಿದದ್ದು ಹಿಂದಿನ ಲ್ಯಾನ್ ಕಿಂಡಿ ಒಂದೇ. ಅತ್ತೆ ಮನೆಯಿಂದ ಅವರು ಬಿಟ್ಟ ಇನ್ನೊಂದು ಹಳೆ ಕಂಪ್ಯೂಟರ್ ತಂದೆವು. ಅಜ್ಜನದು ವಿಂಡೋಸ್ ಎಕ್ಸ್‌ಪಿ, ಅತ್ತೆಯದು ವಿಂಡೋಸ್ 7.

ಮೊದಲ ದಿನ ನಾನು ಸಿಕ್ಕಿದ್ದನ್ನೆಲ್ಲ ಒತ್ತಿ ಏನು ಬದಲಾಯಿಸಿದೆ ಅಂತಲೇ ಮರೆತೆ. ಕುಶಾಲನಗರದಲ್ಲಿ ಕೇಬಲ್ ಕೆಲಸ ಮಾಡುವ ದೊಡ್ಡಪ್ಪನ ಮಗ ಅಣ್ಣ ಬಂದು, "ಕೆಳಗಿನಿಂದ ಮೇಲಕ್ಕೆ ನೋಡು. ಒಂದು ಸಲಕ್ಕೆ ಒಂದೇ ಬದಲಾಯಿಸು. ಬದಲಾಯಿಸೋ ಮೊದಲು ಹಳೇದನ್ನ ಬರ್ಕೊ" ಅಂದರು. ಆಮೇಲೆ ಕೆಲಸ ಸುಲಭವಾಯಿತು. ಆ ಮೆಟ್ಟಿಲುಗಳು ಹೀಗಿವೆ.

ಮೆಟ್ಟಿಲು 1: ತಂತಿ ಮತ್ತು ದೀಪ

ಲ್ಯಾನ್ ಕಿಂಡಿಯ ಪಕ್ಕ ಒಂದು ಸಣ್ಣ ದೀಪ ಇರುತ್ತದೆ. ಎರಡೂ ಕಡೆ ಕಂಪ್ಯೂಟರ್ ಆನ್ ಇದ್ದು ತಂತಿ ಸರಿ ಇದ್ದರೆ ಅದು ಉರಿಯಬೇಕು. ನಮ್ಮದು ಉರಿಯಲಿಲ್ಲ. ತಂತಿ ತುಂಡಾಗಿರಲಿಲ್ಲ, ಆದರೆ ಅದು ನಮಗೆ ಬೇಕಾದ ಜಾತಿಯದ್ದಲ್ಲ.

ಆ ತಂತಿಯೊಳಗೆ 8 ಎಳೆಗಳಿವೆ. ನಮ್ಮಂಥ ಹಳೆ ಕಾರ್ಡುಗಳು ಅದರಲ್ಲಿ ನಾಲ್ಕನ್ನು ಮಾತ್ರ ಬಳಸುತ್ತವೆ. 1 ಮತ್ತು 2ರಲ್ಲಿ ಮಾತಾಡುತ್ತವೆ, 3 ಮತ್ತು 6ರಲ್ಲಿ ಕೇಳಿಸಿಕೊಳ್ಳುತ್ತವೆ. ಬೆಂಕಿಪೊಟ್ಟಣದ ಟೆಲಿಫೋನ್ ಆಟ ನೆನಪಿಸಿಕೊಳ್ಳಿ. ಇಬ್ಬರೂ ಪೊಟ್ಟಣವನ್ನು ಬಾಯಿಗೇ ಹಿಡಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ನೇರ ತಂತಿ ಹಾಕಿದಾಗ ಆದದ್ದು ಅದೇ. ಅದಕ್ಕೆ ಕ್ರಾಸ್‌ಓವರ್ ತಂತಿ ಬೇಕು. ಅದರಲ್ಲಿ ಒಂದು ತುದಿಯ 1 ಇನ್ನೊಂದು ತುದಿಯ 3ಕ್ಕೆ, 2 ಅಲ್ಲಿಯ 6ಕ್ಕೆ ಹೋಗುತ್ತದೆ. ಅಂದರೆ ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ.

ಅಣ್ಣ ಪ್ಲಗ್ಗಿನ ಕೊಕ್ಕೆ ಕೆಳಗೆ ಬರುವಂತೆ, ತಂತಿ ತನ್ನ ಕಡೆಗೆ ಇರುವಂತೆ ಹಿಡಿದು ಎಡದಿಂದ ಎಳೆ ಜೋಡಿಸಿದರು.
ಒಂದು ತುದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.
ಇನ್ನೊಂದು ತುದಿ: ಬಿಳಿ-ಹಸಿರು, ಹಸಿರು, ಬಿಳಿ-ಕಿತ್ತಳೆ, ನೀಲಿ, ಬಿಳಿ-ನೀಲಿ, ಕಿತ್ತಳೆ, ಬಿಳಿ-ಕಂದು, ಕಂದು.
ಈ ತಂತಿ ಸಿಕ್ಕಿಸಿದ ಕೂಡಲೇ ಎರಡೂ ಕಡೆ ದೀಪ ಉರಿಯಿತು. ಹೊಸ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ, ಅವು ತಾವೇ ಅದಲು ಬದಲು ಮಾಡಿಕೊಳ್ಳುತ್ತವೆ.

ಮೆಟ್ಟಿಲು 2: ಮನೆ ನಂಬರು

ದೀಪ ಉರಿದರೂ ಮಾತಿಲ್ಲ. ಪ್ರತಿ ಕಂಪ್ಯೂಟರಿಗೂ ಐ.ಪಿ. ಅಡ್ರೆಸ್ ಎಂಬ ನಂಬರು ಬೇಕು. ಅದು ಮನೆ ನಂಬರು ಇದ್ದ ಹಾಗೆ. ಅತ್ತೆಯದಕ್ಕೆ ಹಿಂದೆ ಯಾರೋ 192.168.1.10 ಅಂತ ಕೊಟ್ಟಿದ್ದರು. ಅಜ್ಜನದು 169.254ರಿಂದ ಶುರುವಾಗುವ ನಂಬರು ತೋರಿಸಿತು. ಯಾರೂ ನಂಬರು ಕೊಡದಿದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ನಂಬರು ಅದು. ಹೀಗೆ ಇಬ್ಬರೂ ಬೇರೆ ಬೇರೆ ಬೀದಿಯಲ್ಲಿದ್ದರು.

ಹಳೆ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಜ್ಜನದಕ್ಕೆ 192.168.0.1, ಅತ್ತೆಯದಕ್ಕೆ 192.168.0.2, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಕೊಡಬೇಕಿತ್ತು. ಅವಸರದಲ್ಲಿ ನಾನು ಎರಡಕ್ಕೂ 0.1 ಅಂತಲೇ ಹಾಕಿಬಿಟ್ಟೆ! ಕೂಡಲೇ ನಂಬರಿನ ಜಗಳ ಇದೆ ಅಂತ ಪರದೆಯಲ್ಲಿ ಬಂತು. ಒಂದೇ ನಂಬರಿನ ಎರಡು ಮನೆ ಇದ್ದರೆ ಪೋಸ್ಟ್‌ಮ್ಯಾನ್ ಎಲ್ಲಿಗೆ ಹೋಗಬೇಕು? ಆಮೇಲೆ ತಿದ್ದಿದೆ.

ಮೆಟ್ಟಿಲು 3: ಕೂಗಿ ನೋಡುವುದು

ಕಮಾಂಡ್ ಪರದೆಯಲ್ಲಿ ಇಂಗ್ಲಿಷಿನಲ್ಲಿ ಪಿಂಗ್ ಅಂತ ಬರೆದು, ಜಾಗ ಬಿಟ್ಟು, ಆಚೆಯವರ ನಂಬರು ಬರೆದರೆ ಒಂದು ಕಂಪ್ಯೂಟರ್ ಇನ್ನೊಂದನ್ನು ಕೂಗುತ್ತದೆ. ಇದನ್ನು 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದವರು ಬರೆದರು. ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಸದ್ದಿನಿಂದ ಆ ಹೆಸರು ಬಂತು.

ಮೊದಲು 127.0.0.1 ಅನ್ನು ಕೂಗಬೇಕು, ಅದು ತನ್ನನ್ನೇ ಕೂಗಿದಂತೆ. ಉತ್ತರ ಬಂತು. ಆದರೆ ಅತ್ತೆಯದರಿಂದ ಅಜ್ಜನದನ್ನು ಕೂಗಿದರೆ ಸಮಯ ಮುಗಿಯಿತು ಅಂತ ನಾಲ್ಕು ಸಲ ಬಂತು. ಇದಕ್ಕೆ ಕಾರಣ ಫೈರ್‌ವಾಲ್, ಅಂದರೆ ಬಾಗಿಲ ಕಾವಲುಗಾರ. ಯಾರ ಮನೆಯಿಂದ ಸಾಮಾನು ತರಬೇಕೋ ಅವರ ಬಾಗಿಲು ತೆರೆದರೆ ಸಾಕು. ಅಜ್ಜನ ಕಂಪ್ಯೂಟರಿನ ಫೈರ್‌ವಾಲ್‌ನಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಎಂಬುದಕ್ಕೆ ಟಿಕ್ ಹಾಕಿದೆವು. ನಾಲ್ಕು ಸಲವೂ ಉತ್ತರ ಬಂತು! ಅಜ್ಜ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

ಇಲ್ಲಿ ಒಂದು ಎಚ್ಚರಿಕೆ. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಕಂಪನಿಯ ಮಾಮೂಲು ರಕ್ಷಣೆ ನಿಂತಿದೆ. ಆದ್ದರಿಂದ ಈ ಕೆಲಸ ಮಾಡುವಾಗ ಇಂಟರ್‌ನೆಟ್ ಜೋಡಿಸಲೇಬಾರದು.

ಮೆಟ್ಟಿಲು 4: ಹಂಚಿಕೊಳ್ಳುವುದು

ಮಳೆ ಲೆಕ್ಕದ ಫೋಲ್ಡರನ್ನು ಶೇರ್ ಮಾಡಿದೆವು. ಬೇರೆಯವರು ಫೈಲ್ ಬದಲಾಯಿಸಬಹುದು ಎಂಬ ಚೌಕಕ್ಕೆ ಟಿಕ್ ಹಾಕಲಿಲ್ಲ, ತಪ್ಪಿ ಅಳಿಸಿಹೋಗಬಾರದಲ್ಲ. ಅತ್ತೆಯದರಲ್ಲಿ ಅಜ್ಜನ ಕಂಪ್ಯೂಟರಿನ ಹೆಸರು ಕಾಣಲಿಲ್ಲ, ಎರಡರ ವರ್ಕ್‌ಗ್ರೂಪ್ ಹೆಸರು ಬೇರೆ ಇತ್ತು. \\192.168.0.1 ಅಂತ ನಂಬರನ್ನೇ ಬರೆದಾಗ ಫೋಲ್ಡರ್ ತೆರೆಯಿತು.

ಒಂದು ನಿಮಿಷದೊಳಗೆ 28 ಫೈಲು ಬಂದವು. 1997ರದ್ದು ಮಾತ್ರ ಬರಲಿಲ್ಲ. ನಾನು ತಂತಿಯ ತಪ್ಪು ಅಂದುಕೊಂಡೆ. ಆದರೆ ಅದೇ ತಂತಿಯಲ್ಲಿ ಉಳಿದವೆಲ್ಲ ಬಂದಿವೆಯಲ್ಲ! ಅಜ್ಜನ ಕಂಪ್ಯೂಟರಿನಲ್ಲೇ ತೆರೆದು ನೋಡಿದರೆ ಅಲ್ಲೂ ತೆರೆಯಲಿಲ್ಲ. ಆಗ ತಪ್ಪು ತಂತಿಯದಲ್ಲ, ಫೈಲೇ ಕೆಟ್ಟಿದೆ ಅಂತ ಗೊತ್ತಾಯಿತು.

ಅಜ್ಜ ಏನೂ ಹೇಳದೆ ಒಳಗೆ ಹೋಗಿ ನೆನೆದು ಒಣಗಿದ 1997ರ ಪುಸ್ತಕ ತಂದರು. ಆ ವರ್ಷ ಮೇ ತನಕ ಪೆನ್ಸಿಲಿನಲ್ಲಿ ಬರೆದಿದ್ದರು. ಪೆನ್ಸಿಲ್ ನೀರಿಗೆ ಕರಗುವುದಿಲ್ಲ. ಈಗ ಸಂಜೆ ಅಜ್ಜ ಓದುತ್ತಾರೆ, ನಾನು ಟೈಪ್ ಮಾಡುತ್ತೇನೆ. ಜೂನ್‌ನಿಂದ ಮುಂದಿನದು ಮಾತ್ರ ಹೋಯಿತು. ಉಳಿದ ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಒಂದು, ಅತ್ತೆ ಮನೆಯಲ್ಲಿ ಒಂದು ಹೀಗೆ ಎರಡು ಕಡೆ ಇಟ್ಟಿದ್ದೇವೆ.

ಗೆಳೆಯರೇ, ನಿಮ್ಮ ಮನೆಯ ಹಳೆ ಕಂಪ್ಯೂಟರಿನಲ್ಲಿ ಇಂಥದ್ದೇನಾದರೂ ಇದ್ದರೆ ಅದು ನಿಲ್ಲುವ ಮೊದಲೇ ತೆಗೆಯಿರಿ. ದೀಪ, ನಂಬರು, ಕೂಗು, ಹಂಚಿಕೆ, ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿ. ಕ್ರಾಸ್‌ಓವರ್ ತಂತಿ ನಮ್ಮ ಮನೆಯಲ್ಲಿದೆ, ಬೇಕಾದವರು ಕೇಳಿ. ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ದಯವಿಟ್ಟು ತಿದ್ದಬೇಕು.


7ನೇ ತರಗತಿ